ಕಾಡು, ಪೊದೆ, ಹುಲ್ಲು, ಹಿತ್ತಿಲು, ತಾರಸಿ: ನಿಮ್ಮ ಜಾಗಕ್ಕೆ ಯಾವ ಸಹಜ ತೋಟ?

30×40 ಸೈಟಿನಲ್ಲಿ ಮನೆ ಕಟ್ಟಿ ಮುಂದೆ ಐದಡಿ, ಪಕ್ಕಕ್ಕೆ ಮೂರಡಿ ಉಳಿಸಿಕೊಂಡವರು ಕೇಳುವುದೂ, ಊರಾಚೆ ಎರಡು ಗುಂಟೆ ಹಿತ್ತಿಲಿರುವವರು ಕೇಳುವುದೂ ಹೆಚ್ಚುಕಡಿಮೆ ಒಂದೇ. ಕತ್ತರಿ ಹಾಕಿದ ಡುರಾಂಟ ಬೇಲಿ, ಹುಲ್ಲುಹಾಸು, ಸಾಲಾಗಿ ನಿಂತ ಕ್ರೋಟನ್ ಸಾಕಾಗಿದೆ. ತಾನಾಗಿ ಬೆಳೆದಂತೆ ಕಾಣುವ ತೋಟ ಬೇಕು. ಅದಕ್ಕೆ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಬೆಳೆಸುವ ಮಿಯಾವಾಕಿ ಕಾಡು ಮಾಡಿಸುವುದೋ, ಚಿಟ್ಟೆಗಳಿಗೆಂದು ಪೊದೆ ಬೆಳೆಸುವುದೋ, ಹಣ್ಣು-ಸೊಪ್ಪಿನ ಹಿತ್ತಿಲೋ, ಇಲ್ಲಾ ತಾರಸಿಯಲ್ಲೇ ಏನಾದರೂ ಆದೀತೋ?

ಇಷ್ಟವಾದ ಗಿಡಗಳ ಪಟ್ಟಿ ಹಿಡಿದು ನರ್ಸರಿಗೆ ಹೊರಟರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ತೋಟ ಉಳಿಯುವುದೋ ಇಲ್ಲವೋ ಗೊತ್ತಾಗುವುದು ಎರಡನೇ ಬೇಸಿಗೆಯಲ್ಲಿ. ಮೊದಲ ವರ್ಷದ ಹುರುಪು ಇಳಿದಿರುತ್ತದೆ, ಬೋರ್‌ವೆಲ್ ಸೊರಗಿರುತ್ತದೆ. ಆ ಮಾರ್ಚ್-ಏಪ್ರಿಲ್‌ನಲ್ಲಿ ಎಷ್ಟು ನೀರು, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ ಎಂಬುದನ್ನು ಮುಂದಿಟ್ಟುಕೊಂಡು ಆರಿಸುವುದು ಒಳ್ಳೆಯದು.

ಆಯ್ಕೆಗೆ ಮೊದಲು ಅಳೆಯಬೇಕಾದ್ದು

ಬಿಸಿಲು ಮೊದಲು. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ನೋಡಿ, ಯಾವ ಭಾಗಕ್ಕೆ ನೇರ ಬಿಸಿಲು ಬೀಳುತ್ತದೆ ಎಂದು ಗುರುತು ಮಾಡಿ. ಐದು ಗಂಟೆಗಿಂತ ಹೆಚ್ಚಿದ್ದರೆ ಬಿಸಿಲು ಜಾಗ, ಎರಡಕ್ಕಿಂತ ಕಡಿಮೆಯಿದ್ದರೆ ನೆರಳು. ಇದನ್ನು ಒಂದೇ ದಿನ ನೋಡಿ ನಂಬಬೇಡಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಮನೆಯ ಉತ್ತರ ಗೋಡೆಯ ಬುಡಕ್ಕೆ ಮೇ ತಿಂಗಳಲ್ಲಿ ಬಿಸಿಲು ತಾಗುತ್ತದೆ, ಡಿಸೆಂಬರ್‌ನಲ್ಲಿ ಇಡೀ ದಿನ ನೆರಳು. ಮೇ ತಿಂಗಳಲ್ಲಿ ನೋಡಿ ಅಲ್ಲಿ ದಾಸವಾಳ ನೆಟ್ಟವರಿಗೆ ಚಳಿಗಾಲದಲ್ಲಿ ಮೊಗ್ಗೂ ಕಾಣದಿರುವುದು ಇದೇ ಕಾರಣಕ್ಕೆ.

ನೀರಿನ ಲೆಕ್ಕ ಸುಲಭ. ಬಿರುಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. 50 ಚದರ ಮೀಟರ್ ಹುಲ್ಲುಹಾಸಿಗೆ 250 ಲೀಟರ್. ಅಂದರೆ 6,000 ಲೀಟರಿನ ಒಂದು ಟ್ಯಾಂಕರ್ 24 ದಿನಕ್ಕೆ ಖಾಲಿ. ಬೇರೂರಿದ ನಾಡಪೊದೆಗಳಿಗೆ ವಾರಕ್ಕೊಮ್ಮೆ ಬುಡಕ್ಕೆ 8-10 ಲೀಟರ್ ಕೊಟ್ಟರೆ ಸಾಕು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಬೇಸಿಗೆ ಮತ್ತೆ ಬಂದರೆ ಯಾವ ತೋಟ ಉಳಿದೀತು ಎಂದು ಈಗಲೇ ಕೇಳಿಕೊಳ್ಳಿ. ಮಳೆನೀರು ಹಿಡಿಯುವವರಾದರೆ, 1,000 ಚದರಡಿ ಛಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸೋರಿಕೆ ಕಳೆದು ಸುಮಾರು 1,500 ಲೀಟರ್ ಸಿಗುತ್ತದೆ.

ಮಣ್ಣಿಗೆ ಒಂದು ಗುಂಡಿಯ ಪರೀಕ್ಷೆ. ಒಂದಡಿ ಅಗಲ, ಒಂದಡಿ ಆಳ ಅಗೆದು ನೀರು ತುಂಬಿಸಿ ಇಂಗಲು ಬಿಡಿ. ಎರಡನೇ ಸಲ ತುಂಬಿಸಿ ಅಳೆಯಿರಿ. ಗಂಟೆಗೆ ಒಂದಿಂಚೂ ಇಳಿಯದಿದ್ದರೆ ಬೇರು ಕೊಳೆಯುವ ಮಣ್ಣು. ಅಲ್ಲಿ ಏರುಮಡಿ ಕಟ್ಟಿಯೇ ನೆಡಬೇಕು. ಹೊಸ ಮನೆಯ ಸುತ್ತ ಅಗೆದರೆ ಮೇಲಿನ ಒಂದಡಿಯಲ್ಲಿ ಸಿಗುವುದು ಬಹುಪಾಲು ಸಿಮೆಂಟ್ ಚೂರು, ಜಲ್ಲಿ, ಟೈಲ್ಸ್. ಸಿಮೆಂಟಿನ ಸುಣ್ಣ ಮಣ್ಣನ್ನು ಕ್ಷಾರವಾಗಿಸುತ್ತದೆ, ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಎಷ್ಟು ಗೊಬ್ಬರ ಸುರಿದರೂ ಅದು ಸರಿಹೋಗದು. ಆ ಒಂದಡಿ ತೆಗೆಸಿ ಬೇರೆ ಮಣ್ಣು ತುಂಬಿಸಬೇಕು. ನಗರದ ತೋಟದಲ್ಲಿ ದೊಡ್ಡ ಖರ್ಚು ಗಿಡದ್ದಲ್ಲ, ಇದರದ್ದು.

ಕೊನೆಯದು ಮರ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರ ಕಡಿಯುವುದಕ್ಕೂ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು, ವೃಕ್ಷಾಧಿಕಾರಿಯ ಅನುಮತಿ ಬೇಕು. ನೆಡುವುದು ಸುಲಭ, ತಪ್ಪಾದರೆ ತೆಗೆಯುವುದು ಕಷ್ಟ. ಹೊಂಗೆ, ನೇರಳೆ, ಸಂಪಿಗೆಗೆ ಗೋಡೆ ಮತ್ತು ಸಂಪಿನಿಂದ 15 ಅಡಿಯಾದರೂ ಬಿಡಿ. ಅರಳಿ, ಆಲ, ಅತ್ತಿಗಳನ್ನು ಸೈಟಿನೊಳಗೆ ತರಲೇಬೇಡಿ.

ಪುಟ್ಟ ಕಾಡು

ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ವಿಧಾನ: ಮಣ್ಣನ್ನು ಸುಮಾರು ಒಂದು ಮೀಟರ್ ಆಳ ಸಡಿಲಿಸಿ ಗೊಬ್ಬರ ಬೆರೆಸಿ, ಚದರ ಮೀಟರಿಗೆ 3ರಿಂದ 5 ಸಸಿಗಳನ್ನು ಪೊದೆ, ಕಿರುಮರ, ಮರ, ಎತ್ತರದ ಮರ ಎಂದು ಬೆರಕೆಯಾಗಿ ನೆಡುವುದು. ಬೆಳಕಿಗಾಗಿ ಪೈಪೋಟಿಯಲ್ಲಿ ಗಿಡಗಳು ಬೇಗ ಮೇಲೇಳುತ್ತವೆ. ಎರಡು-ಮೂರು ವರ್ಷ ನೀರು, ಕಳೆ ನೋಡಿಕೊಂಡರೆ ಮುಂದೆ ತನ್ನಷ್ಟಕ್ಕೆ ಬೆಳೆಯುತ್ತದೆ.

ಈ ಕೊನೆಯ ಮಾತಿಗೇ ಜನ ಮರುಳಾಗುವುದು. ಆದರೆ ಮೂರಡಿ ಪಟ್ಟಿಯಲ್ಲಿ ಇದನ್ನು ಮಾಡಿಸುವುದು ಹಣ ದಂಡ. 100 ಚದರಡಿಗೆ 28ರಿಂದ 47 ಸಸಿ ಹಿಡಿಸುತ್ತವೆ ನಿಜ. ಆದರೆ ಅಡಿಪಾಯದ ಪಕ್ಕದಲ್ಲೇ ಮೀಟರ್ ಆಳ ಅಗೆಯುವಂತಿಲ್ಲ, ಕಿರಿದಾದ ಪಟ್ಟಿಯ ಎರಡೂ ಕಡೆಯಿಂದ ಬಿಸಿಲು-ಗಾಳಿ ನುಗ್ಗುವುದರಿಂದ ಒಳಗೆ ಕಾಡಿನ ತಂಪು, ಎಲೆಗೊಬ್ಬರ ಕೂಡಿಕೊಳ್ಳುವುದೂ ಇಲ್ಲ. ಅಗಲ 12 ಅಡಿಗಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಮೂರು-ನಾಲ್ಕು ವರ್ಷದಲ್ಲಿ ಕೊಂಬೆಗಳು ಮೊದಲ ಮಹಡಿ ದಾಟಿ ವಿದ್ಯುತ್ ತಂತಿ ಮುಟ್ಟಿದರೆ, ಆಗ ಮೇಲೆ ಹೇಳಿದ ಕಾಯ್ದೆ ನೆನಪಾಗುತ್ತದೆ.

ಇನ್ನೊಂದು ತಕರಾರು ಮಿಯಾವಾಕಿಯ ಮೂಲ ತತ್ವದ್ದೇ. ಆಯಾ ನೆಲದಲ್ಲಿ ಸಹಜವಾಗಿ ಇರಬೇಕಾದ ಕಾಡನ್ನು ಮರಳಿ ತರಬೇಕು ಎನ್ನುತ್ತದೆ ಅದು. ವಿಜಯಪುರ, ಗದಗಿನ ಬಯಲಿನ ಸಹಜ ಗಿಡಗಳೆಂದರೆ ಕುರುಚಲು ಮತ್ತು ಹುಲ್ಲು. ಅಲ್ಲಿ ದಟ್ಟ ಕಾಡು ನಿಲ್ಲಿಸಲು ಹೊರಟರೆ ಬೋರ್‌ವೆಲ್ ಬತ್ತುವವರೆಗೆ ನೀರೆರೆಯಬೇಕಾದೀತು. ಮಲೆನಾಡು, ಕರಾವಳಿ, ಅಥವಾ ಬೆಂಗಳೂರಿನ ಹೊರವಲಯದಲ್ಲಿ ಎರಡು ಗುಂಟೆ ಇದ್ದು, ಹಿಂಬದಿಯ ರಸ್ತೆಯ ಸದ್ದು-ದೂಳು ತಡೆಯಬೇಕು ಎನ್ನುವವರಿಗೆ ಮಾತ್ರ ಇದು ಒಳ್ಳೆಯ ಆಯ್ಕೆ.

ಪೊದೆತೋಟ

ಸಣ್ಣ ಸೈಟಿನವರಲ್ಲಿ ಹತ್ತರಲ್ಲಿ ಎಂಟು ಮಂದಿಗೆ ನಾವು ಹೇಳುವುದು ಇದನ್ನೇ. ವರ್ಷಕ್ಕೊಮ್ಮೆ ಕತ್ತರಿಸಿದರೆ ಎತ್ತರವನ್ನು ಎಂಟಡಿಯೊಳಗೆ ಇಟ್ಟುಕೊಳ್ಳಬಹುದು, ಬೇರು ಗೋಡೆ ಒಡೆಯುವುದಿಲ್ಲ, ಒಂದು ವರ್ಷದಲ್ಲೇ ತುಂಬಿ ಕಾಣುತ್ತದೆ.

ಮನೆ ಮುಂದಿನ 5×20 ಅಡಿ ಪಟ್ಟಿಯನ್ನೇ ತೆಗೆದುಕೊಳ್ಳಿ. ಒಂದು ಮೂಲೆಗೆ ಒಂದು ಪಾರಿಜಾತ. ಕಾಂಪೌಂಡಿನ ಕಡೆ ಎರಡು ಕಾಡು ಕರಿಬೇವು. ನಡುವೆ ಮೂರು ಕೇಪಳದ ಗಿಡ ಒಟ್ಟಿಗೆ, ಐದು ಸ್ಫಟಿಕ ಹೂವಿನ ಗಿಡ ಇನ್ನೊಂದು ಗುಂಪಾಗಿ. ಕೆಳಗೆ ನೆರಳು-ತೇವ ಇದ್ದಲ್ಲಿ ಒಂದೆಲಗ. ಹನ್ನೊಂದು ಗಿಡ, ಐದು ಜಾತಿ, ಮುಗಿಯಿತು. ಪೊದೆಗೆ ಒಂದೂವರೆ ಅಡಿಯ ಗುಂಡಿ. ತೆಗೆದ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಕೊಟ್ಟಿಗೆ ಗೊಬ್ಬರ. ನೆಟ್ಟ ಕೂಡಲೇ ಮೂರಿಂಚು ಒಣಎಲೆಯ ಹೊದಿಕೆ, ಕಾಂಡದಿಂದ ಎರಡಿಂಚು ದೂರ ಬಿಟ್ಟು. ಹೊದಿಕೆಯನ್ನು ಮನೆಯ ಗೋಡೆಗೆ ತಾಗಿಸಿದರೆ ಗೆದ್ದಲು ಅದರ ಮರೆಯಲ್ಲೇ ಬಾಗಿಲು ಚೌಕಟ್ಟಿಗೆ ಏರುತ್ತದೆ. ಗೋಡೆ ಬುಡದಲ್ಲಿ ಒಂದಡಿ ಜಲ್ಲಿಪಟ್ಟಿ ಇರಲಿ.

ಚಿಟ್ಟೆ ಬೇಕೆಂದರೆ ಹೂವು ಸಾಲದು, ಮರಿಹುಳು ತಿನ್ನುವ ಗಿಡವೂ ಇರಬೇಕು. ಕಾಮನ್ ಮಾರ್ಮನ್ ಚಿಟ್ಟೆ ನಿಂಬೆ, ಕರಿಬೇವಿನ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಎಳೆಯ ಮರಿಹುಳು ಥೇಟ್ ಹಕ್ಕಿಯ ಹಿಕ್ಕೆಯಂತೆ, ಕಂದು-ಬಿಳಿ. ನಾಲ್ಕು ಸಲ ಪೊರೆ ಕಳಚಿದ ಮೇಲೆ ಹಸಿರಾಗುತ್ತದೆ. ರೋಗವೆಂದು ಚಿವುಟಿ ಎಸೆಯುವವರೇ ಹೆಚ್ಚು. ಪ್ಲೇನ್ ಟೈಗರ್‌ಗೆ ಎಕ್ಕ, ಕಾಮನ್ ಕ್ರೋಗೆ ಕಣಗಿಲೆ, ಕ್ರಿಮ್ಸನ್ ರೋಸ್‌ಗೆ ಈಶ್ವರಿ ಬಳ್ಳಿ. ಇದೇ ಬಳ್ಳಿಯ ಜಾತಿಗಳು ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೂ ಆಹಾರ. ಆದರೆ ಅದು ಪಶ್ಚಿಮ ಘಟ್ಟದ್ದು, ರಾಯಚೂರಿನಲ್ಲಿ ಬಳ್ಳಿ ಹಬ್ಬಿಸಿ ಕಾಯುತ್ತ ಕೂರಬೇಡಿ. ಎಕ್ಕ, ಕಣಗಿಲೆ ಎರಡೂ ವಿಷ. ಮನೆಯಲ್ಲಿ ಕೂಸು, ನಾಯಿ ಇದ್ದರೆ ಇವನ್ನು ಬಿಟ್ಟು ನಿಂಬೆ-ಕರಿಬೇವಿನಲ್ಲೇ ತೃಪ್ತರಾಗಿ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ನರ್ಸರಿಯಲ್ಲಿ ಕಂಡದ್ದೆಲ್ಲ ಒಂದೊಂದು ತಂದು ನೆಡುವುದು. ಹದಿನೈದು ಜಾತಿಯ ಹದಿನೈದು ಗಿಡ ಇದ್ದರೆ ಅದು ಮಾರಾಟಕ್ಕಿಟ್ಟ ಹಾಗೆ ಕಾಣುತ್ತದೆ, ತೋಟವಾಗದು. ಎರಡು, ನೆಲ ಬೇಗ ಮುಚ್ಚಲಿ ಎಂದು ಹಳದಿ ಹೂವಿನ ವೆಡೇಲಿಯ ತರುವುದು. ಅದು ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಒಂದೆರಡು ಮಳೆಗಾಲದಲ್ಲಿ ಉಳಿದದ್ದನ್ನೆಲ್ಲ ನುಂಗುತ್ತದೆ, ಕಿತ್ತೆಸೆದ ತುಂಡು ಚರಂಡಿಯಲ್ಲೂ ಚಿಗುರುತ್ತದೆ. ಕಾಡನ್ನೇ ಆವರಿಸಿದ ಲಂಟಾನದ ಕಥೆ ಬಂಡೀಪುರ ನೋಡಿದವರಿಗೆ ಹೇಳಬೇಕಿಲ್ಲ. ಮೂರು, ತಿಂಗಳಿಗೊಮ್ಮೆ ಎಲ್ಲವನ್ನೂ ಚೆಂಡಿನಂತೆ ಕತ್ತರಿಸುವ ಮಾಲಿ. ವರ್ಷಕ್ಕೊಮ್ಮೆ ಸಾಕು: ಸ್ಫಟಿಕದ ಹೂವು ಮುಗಿದ ಮೇಲೆ, ಜನವರಿಯಲ್ಲಿ, ಮೂರನೇ ಒಂದು ಭಾಗ ಕತ್ತರಿಸಿ. ಕೇಪಳದಲ್ಲಿ ಒಳಗಿನ ಹಳೆಯ ಕಡ್ಡಿಗಳನ್ನು ಬುಡದಿಂದ ತೆಗೆದರೆ ಆಕಾರ ಕೆಡುವುದಿಲ್ಲ.

ಹುಲ್ಲು-ಕುರುಚಲು

ಬಾಗಲಕೋಟೆ, ಬಳ್ಳಾರಿ, ಚಿತ್ರದುರ್ಗದ ಕಡೆಯವರಿಗೆ, ಇಡೀ ದಿನ ಬಿಸಿಲು ಕಾಯುವ ಯಾವುದೇ ಬಡಾವಣೆಗೆ, ಅತಿ ಕಡಿಮೆ ನೀರಿನ ತೋಟ ಇದು. ತಂಗಡಿ, ಬಂದರಿಕೆ, ಕವಳಿ, ಲಕ್ಕಿ ಪೊದೆಗಳು. ನಡುವೆ ಲಾವಂಚ, ಮಜ್ಜಿಗೆ ಹುಲ್ಲಿನ ಬುಡಗಳನ್ನು ಎರಡೆರಡು ಅಡಿಗೆ ನೆಡುವುದು. ಲಾವಂಚದ ಬೇರು ನೇರ ಕೆಳಗಿಳಿಯುವುದರಿಂದ ಇಳಿಜಾರಿನ ಮಣ್ಣನ್ನೂ ಹಿಡಿಯುತ್ತದೆ. ಆಯಾ ಊರಿನ ಕಲ್ಲನ್ನೇ ಬಳಸಿ, ಮೂರನೇ ಒಂದು ಭಾಗ ಹೂತಿಡಿ. ನೆಲದ ಮೇಲೆ ಸುಮ್ಮನೆ ಇಟ್ಟ ಕಲ್ಲು ಲಾರಿಯಿಂದ ಇಳಿಸಿದಂತೆಯೇ ಕಾಣುತ್ತದೆ.

ಒಪ್ಪಿಕೊಳ್ಳಬೇಕಾದ್ದೂ ಇದೆ. ಫೆಬ್ರವರಿಯಿಂದ ಮೇವರೆಗೆ ತೋಟದ ಬಣ್ಣ ಕಂದು. ಇದು ಸಹಿಸದವರು ಪೊದೆತೋಟಕ್ಕೇ ಹೋಗಲಿ. ಒಣಗಿದ ಹುಲ್ಲನ್ನು ಫೆಬ್ರವರಿಯಲ್ಲಿ ಆರಿಂಚಿಗೆ ಕತ್ತರಿಸದಿದ್ದರೆ ಬೆಂಕಿಯ ಭಯ. ನರ್ಸರಿಗಳಲ್ಲಿ ಸಿಗುವ ನೇರಳೆ ತೆನೆಯ ಫೌಂಟನ್ ಹುಲ್ಲು ಚೆಂದವೇ, ಆದರೆ ಬೀಜ ಕಟ್ಟುವ ಬಗೆಯಾದರೆ ಗಾಳಿಯಲ್ಲಿ ಪಕ್ಕದ ಹೊಲಕ್ಕೂ ಹಾರುತ್ತದೆ. ಎರೆಮಣ್ಣಿನಲ್ಲಿ ಕಲ್ಲುಹಾಸಿನ ದಾರಿಗೆ ಸಿಮೆಂಟ್ ಹಾಕಬೇಡಿ. ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಎರಡು ವರ್ಷದಲ್ಲಿ ಒಡೆಯುತ್ತದೆ. ಮರಳಿನ ಮೇಲೆ ಸಡಿಲವಾಗಿ ಕೂರಿಸಿದ ಶಹಾಬಾದ್ ಕಲ್ಲು ಸಾಕು. ಬೇಗ ಬೆಳೆಯುವ ಹಸಿರು ಗೋಡೆ ಬೇಕೆಂದು ಕಾನೊಕಾರ್ಪಸ್ ತರುವವರೂ ಇದ್ದಾರೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಕವಳಿಯ ಮುಳ್ಳುಬೇಲಿ ನಿಧಾನ, ಆದರೆ ದನ ನುಗ್ಗುವುದಿಲ್ಲ, ಉಪ್ಪಿನಕಾಯಿಗೆ ಕಾಯಿಯೂ ಸಿಗುತ್ತದೆ.

ಪದರದ ಹಿತ್ತಿಲು

ನಮ್ಮ ಮಲೆನಾಡು-ಕರಾವಳಿಯ ಹಿತ್ತಿಲು ತಲೆಮಾರುಗಳಿಂದ ಹೀಗೇ ಇದೆ: ಮೇಲೆ ತೆಂಗು-ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ವೀಳ್ಯ, ನಡುವೆ ಬಾಳೆ, ಕೆಳಗೆ ಅರಿಶಿಣ, ಶುಂಠಿ, ಕೆಸು. ಬಯಲುಸೀಮೆಯ ಸಣ್ಣ ಜಾಗದಲ್ಲಿ ಇದನ್ನೇ ಕುಗ್ಗಿಸಬಹುದು: ಸೀಬೆ ಅಥವಾ ಸೀತಾಫಲ ಒಂದು, ಕರಿಬೇವು, ನಿಂಬೆ, ಎರಡು ಪಪ್ಪಾಯ, ಬೇಲಿಗೆ ಬಸಳೆ, ನೆಲಕ್ಕೆ ಒಂದೆಲಗ-ದೊಡ್ಡಪತ್ರೆ. ಪಪ್ಪಾಯ ಒಂದು ವರ್ಷದೊಳಗೆ ಕೈಗೆ ಬರುತ್ತದೆ, ಕಸಿ ನಿಂಬೆಗೆ ಮೂರು ವರ್ಷ ಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಇದೇ. ವಾರಕ್ಕೆ ಮೂರು-ನಾಲ್ಕು ಗಂಟೆ ಇಲ್ಲದವರು ಕೈ ಹಾಕಬೇಡಿ. ಬಚ್ಚಲುನೀರು ಬಾಳೆ, ಕೆಸುವಿಗೆ ಹರಿಸಬಹುದು. ಡಿಟರ್ಜೆಂಟ್ ನೀರನ್ನು ಎರೆಮಣ್ಣಿಗೆ ಬಿಡಬೇಡಿ, ಅದರ ಸೋಡಿಯಂ ಮಣ್ಣನ್ನು ಗಟ್ಟಿಯಾಗಿಸಿ ನೀರು ಇಂಗದಂತೆ ಮಾಡುತ್ತದೆ. ನುಗ್ಗೆ ಎಲ್ಲರಿಗೂ ಬೇಕು, ಆದರೆ ಮಳೆಗಾಲದಲ್ಲಿ ಕಾಂಡದ ತುಂಬ ಕಂಬಳಿಹುಳು ಕೂತಾಗ ಅದು ಮಲಗುವ ಕೋಣೆಯ ಕಿಟಕಿಯಿಂದ 15 ಅಡಿ ದೂರವಿದ್ದರೆ ವಾಸಿ. ಚಿಟ್ಟೆ ಮತ್ತು ಹಣ್ಣು ಎರಡೂ ಬೇಕೆಂದರೆ ನಿಂಬೆ ಎರಡು ನೆಡಿ: ಒಂದು ನಿಮಗೆ, ಒಂದು ಹುಳುವಿಗೆ. ಮಂಗಗಳ ಕಾಟವಿರುವ ಊರಲ್ಲಿ ಹಣ್ಣಿನ ಆಸೆ ಬಿಟ್ಟು ಅರಿಶಿಣ, ಶುಂಠಿ, ಮೆಣಸಿನಕಾಯಿ ಕಡೆ ನೋಡುವುದು ಲೇಸು.

ತಾರಸಿ

ಇಲ್ಲಿ ಮೊದಲ ಪ್ರಶ್ನೆ ತೂಕದ್ದು. ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ವಿನ್ಯಾಸಕಾರರು ಹಿಡಿಯುವ ಹೊರೆ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ. ನೆನೆದ ಕೆಂಪುಮಣ್ಣನ್ನು ಅರ್ಧ ಅಡಿ ಹರಡಿದರೂ ಇದು ದಾಟುತ್ತದೆ. ಆದ್ದರಿಂದ ಸ್ಲ್ಯಾಬಿನ ಮೇಲೆ ನೇರವಾಗಿ ಮಡಿ ಕಟ್ಟಬೇಡಿ. ಒಂದಡಿ ಅಗಲ-ಎತ್ತರದ ಚೀಲದಲ್ಲಿ ಸುಮಾರು 20 ಲೀಟರ್ ಮಿಶ್ರಣ ಹಿಡಿಸುತ್ತದೆ, ನೆನೆದರೆ 25 ಕಿಲೋ ಆಸುಪಾಸು. ಚದರ ಮೀಟರಿಗೆ ನಾಲ್ಕು ಚೀಲ ಇಟ್ಟರೆ ಮಿತಿಯೊಳಗೇ. ಅರ್ಧ ಕತ್ತರಿಸಿದ 200 ಲೀಟರ್ ಡ್ರಮ್ಮುಗಳನ್ನು ತೊಲೆ ಅಥವಾ ಕಂಬದ ನೇರಕ್ಕೆ ಮಾತ್ರ ಇಡಿ. ಹಳೆಯ ಮನೆಯಾದರೆ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ.

ಮಿಶ್ರಣಕ್ಕೆ ಕೆಂಪುಮಣ್ಣು, ಎರೆಗೊಬ್ಬರ, ತೆಂಗಿನನಾರಿನ ಪುಡಿ ಸಮಪಾಲು. ಇಟ್ಟಿಗೆಯಂತೆ ಒತ್ತಿ ಮಾರುವ ಈ ನಾರಿನ ಪುಡಿಯನ್ನು ಎರಡು ಸಲ ನೀರು ಬದಲಿಸಿ ತೊಳೆಯಿರಿ. ಉಪ್ಪು ಉಳಿದರೆ ಎಲೆಯಂಚು ಸುಡುತ್ತದೆ. ಕುಂಡದ ತೋಟ ಸಹಜವಾಗಿ ಕಾಣಬೇಕಾದರೆ ಸಾಲು ಮುರಿಯಬೇಕು: ಐದಾರು ಕುಂಡ ಒತ್ತೊತ್ತಾಗಿ, ಹಿಂದೆ ಎತ್ತರದ್ದು, ಮುಂದೆ ಅಂಚಿನಿಂದ ಇಳಿಬೀಳುವ ದೊಡ್ಡಪತ್ರೆ. ಒತ್ತಾಗಿಟ್ಟರೆ ಕುಂಡಗಳು ಒಂದಕ್ಕೊಂದು ನೆರಳಾಗಿ ನೀರೂ ಉಳಿಯುತ್ತದೆ. ಆದರೂ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಹೊತ್ತು ನೀರು ತಪ್ಪದು. ತಿಂಗಳಲ್ಲಿ ಹತ್ತು ದಿನ ಊರಲ್ಲಿಲ್ಲದವರು ಟೈಮರ್ ಇರುವ ಹನಿ ನೀರಾವರಿ ಇಲ್ಲದೆ ಇದಕ್ಕೆ ಇಳಿಯಬಾರದು.

ಪುಟ್ಟ ಕೊಳ ಯಾವ ತೋಟಕ್ಕೂ ಸೇರಿಸಬಹುದು, ಸ್ಲ್ಯಾಬಿನ ನಟ್ಟನಡುವೆ ಮಾತ್ರ ಬೇಡ: 3×2 ಅಡಿ, ಒಂದೂವರೆ ಅಡಿ ಆಳದ ತೊಟ್ಟಿಯಲ್ಲೇ 250 ಲೀಟರ್ ನೀರು. ನೈದಿಲೆಗೆ ಐದು ಗಂಟೆ ಬಿಸಿಲು ಬೇಕು, ಜೇಡಿಮಣ್ಣು ಬೇಕು. ನಾರಿನ ಪುಡಿ ತೇಲುತ್ತದೆ. ಸೊಳ್ಳೆಮರಿ ವಾರ-ಹತ್ತು ದಿನದಲ್ಲಿ ರೆಕ್ಕೆ ಕಟ್ಟುವುದರಿಂದ ಮೊದಲ ದಿನವೇ ಐದಾರು ಗಪ್ಪಿ ಮೀನು ಬಿಡಿ. ಹೆಚ್ಚಾದವನ್ನು ಕೆರೆಗೆ ಸುರಿಯಬೇಡಿ, ನಾಡಮೀನುಗಳಿಗೆ ಅವು ಪಿಡುಗು. ಚಿಕ್ಕ ಮಕ್ಕಳಿದ್ದರೆ ನೀರಿನ ಮಟ್ಟಕ್ಕಿಂತ ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ.

ಯಾರಿಗೆ ಯಾವುದು

ಸಣ್ಣ ಸೈಟು, ವಾರಕ್ಕೆ ಒಂದು ಗಂಟೆ, ಹದವಾದ ಖರ್ಚು: ಪೊದೆತೋಟ. ಎರಡು ಕಟ್ಟಡದ ನಡುವಿನ ನೆರಳಿನ ಓಣಿ: ಹೂವಿನ ಆಸೆ ಬಿಟ್ಟು ಜರಿಗಿಡ, ಕೆಸು, ಅರಿಶಿಣ, ಆಡುಸೋಗೆ. ನೀರಿಲ್ಲ, ಬಿಸಿಲು ಬಹಳ: ಹುಲ್ಲು-ಕುರುಚಲು. ನಿವೃತ್ತರು, ಮನೆಯಲ್ಲೇ ಇರುವವರು, ಅಡುಗೆಗೆ ಬೇಕು ಎನ್ನುವವರು: ಹಿತ್ತಿಲು. ಬಾಡಿಗೆ ಮನೆ: ಕುಂಡ, ಹೋಗುವಾಗ ಜೊತೆಗೆ ಬರುತ್ತವೆ. ಮಕ್ಕಳಿಗೆ ಓಡಾಡಲು ಬಯಲು ಬೇಕೆಂದರೆ 10×10 ಅಡಿ ಗರಿಕೆ ಬಿಡಿ. ಕಾಲ್ತುಳಿತಕ್ಕೆ ಅದು ತಾಳುತ್ತದೆ, ಬೇಸಿಗೆಗೆ ಸೊರಗಿದರೂ ಮೊದಲ ಮಳೆಗೆ ಏಳುತ್ತದೆ.

ಹಾವಿನ ಭಯ ಬಹಳ ಮಂದಿಗೆ. ಬಾಗಿಲಿನ ಸುತ್ತ ಮೂರಡಿ ಬಯಲು ಬಿಟ್ಟು, ಪೊದೆಯ ಬುಡವನ್ನು ಒಂದಡಿಯವರೆಗೆ ಬೋಳು ಮಾಡಿ, ಇಲಿ ಬರದಂತೆ ಅಡುಗೆಮನೆಯ ಕಸವನ್ನು ಮುಚ್ಚಿದ ಡಬ್ಬದಲ್ಲೇ ಗೊಬ್ಬರ ಮಾಡಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ದಾರಿಯ ಅಂಚೊಂದನ್ನು ಕಲ್ಲಿನಿಂದ ಖಚಿತವಾಗಿ ಕಟ್ಟಿ. ಆ ಒಂದು ಗೆರೆ ಇದ್ದರೆ ಒಳಗೆ ಎಷ್ಟೇ ಹಬ್ಬಿದರೂ ಪಾಳುಬಿದ್ದ ಸೈಟೆಂದು ಯಾರೂ ಅನ್ನುವುದಿಲ್ಲ.

ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿ, ತೋಟಗಾರಿಕೆ ಇಲಾಖೆಯ ನರ್ಸರಿಗಳನ್ನು ಮೊದಲು ವಿಚಾರಿಸಿ. ಮುಂಗಾರಿಗೆ ಮುಂಚೆ ಹೋದರೆ ಬೇಕಾದ ಜಾತಿ ಸಿಗುತ್ತದೆ. ಎತ್ತರದ ಗಿಡಕ್ಕೆ ಮನಸೋಲಬೇಡಿ. ಚೀಲದ ತಳದಿಂದ ಬೇರು ಸುತ್ತಿಕೊಂಡು ಹೊರಬಂದಿದ್ದರೆ ಆ ಗಿಡ ನೆಲದಲ್ಲಿ ಸುಲಭವಾಗಿ ಬೇರು ಹರಡುವುದಿಲ್ಲ. ಒಂದೂವರೆ ಅಡಿಯ, ಗಟ್ಟಿ ಕಾಂಡದ ಸಸಿ ಎರಡೇ ವರ್ಷದಲ್ಲಿ ಅದನ್ನು ಹಿಂದೆ ಹಾಕುತ್ತದೆ. ನೆಡುವುದು ಬೆಂಗಳೂರು-ಮೈಸೂರು ಕಡೆ ಜೂನ್-ಜುಲೈನಲ್ಲಿ. ಕರಾವಳಿಯಲ್ಲಿ ಸುರಿಮಳೆ ತಗ್ಗಿದ ಮೇಲೆ, ಆಗಸ್ಟ್ ಕೊನೆಗೆ. ಉತ್ತರದ ಎರೆನೆಲದಲ್ಲಿ ಮೊದಲೆರಡು ಹದಮಳೆ ಬಿದ್ದು ಬಿರುಕು ಮುಚ್ಚಿದ ನಂತರ.